‘ಸ್ವಇಚ್ಛೆಯಿಂದ’ ಅಂತ ಬರೆದುಕೊಡಬೇಡಿ

ವಿಶೇಷ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಓದಿ. ಶಾಲೆಯವರು ಬಿಳಿ ಹಾಳೆ ಮುಂದಿಟ್ಟು ‘ಒಂದು ಲೆಟರ್ ಬರೆದುಕೊಡಿ’ ಅಂದರೆ ಪೆನ್ನು ಮುಟ್ಟಬೇಡಿ. ನಾನು ಮುಟ್ಟಿದೆ. ಒಂದು ವರ್ಷದಿಂದ ಅನುಭವಿಸುತ್ತಿದ್ದೇನೆ.

ನಮ್ಮದು ತುಮಕೂರು. ಮಗಳಿಗೆ ಎಂಟು ವರ್ಷ, ಆಟಿಸಂ ಇದೆ. ಮಾತು ಕಡಿಮೆ. ಆದರೆ ಓದುತ್ತಾಳೆ, ಹದಿನೈದರವರೆಗೆ ಮಗ್ಗಿ ಬರುತ್ತದೆ. ಶಬ್ದ ಜಾಸ್ತಿಯಾದರೆ ಮಾತ್ರ ತಡೆಯುವುದಿಲ್ಲ. ಆ ಖಾಸಗಿ ಶಾಲೆಯ ಎಲೆಕ್ಟ್ರಿಕ್ ಬೆಲ್ ಇದ್ದದ್ದು ಸರಿಯಾಗಿ ಅವಳ ಕ್ಲಾಸಿನ ಬಾಗಿಲ ಮೇಲೆ. ಬೆಲ್ ಹೊಡೆದ ತಕ್ಷಣ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದಳು. ಬೇರೆ ಸೆಕ್ಷನ್‌ಗೆ ಹಾಕಿ ಅಂತ ಕೇಳಿದೆ. ‘ನೋಡೋಣ’ ಅಂದರು. ಆಟಿಸಂ ಸರ್ಟಿಫಿಕೇಟ್ ತೋರಿಸಿಯೇ ಸೇರಿಸಿದ್ದು, ಏನೂ ಮುಚ್ಚಿಟ್ಟಿರಲಿಲ್ಲ.

ಆಮೇಲೆ ಶುರುವಾಯಿತು. ಊಟದ ಹೊತ್ತಿಗೆ ಕರೆದುಕೊಂಡು ಹೋಗಿ ಅಂದರು. ಕ್ಲಾಸಲ್ಲಿ ಅವಳ ಪಕ್ಕದಲ್ಲೇ ಕೂತು ನೋಡಿಕೊಳ್ಳೋಕೆ ಒಬ್ಬ ಶ್ಯಾಡೋ ಟೀಚರ್ ಇಡಿ, ತಿಂಗಳಿಗೆ 12,000 ನೀವೇ ಕೊಡಿ ಅಂದರು. ಸ್ಪೋರ್ಟ್ಸ್ ಡೇ ದಿನ ಕಳಿಸಬೇಡಿ ಅಂದರು. ಎಲ್ಲ ಫೋನಲ್ಲಿ, ಇಲ್ಲಾ ಗೇಟಿನ ಹತ್ತಿರ ನಿಂತುಕೊಂಡು. ಅವಳ ಡೈರಿ ತೆಗೆದು ನೋಡಿದರೆ ಹೋಂವರ್ಕ್ ಬಿಟ್ಟು ಒಂದಕ್ಷರ ಇಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ಎರಡನೇ ಕ್ಲಾಸ್ ಮುಗಿಯುವ ಹೊತ್ತಿಗೆ ಆಫೀಸಿಗೆ ಕರೆದರು. ಕಾಫಿ ತರಿಸಿದರು. ‘ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಮೇಡಂ. ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಿದ್ದಾರೆ. ನಾವಾಗಿ ಟಿ.ಸಿ. ಕೊಟ್ಟರೆ ರಿಮಾರ್ಕ್ಸ್ ಬರೀಬೇಕಾಗತ್ತೆ, ಮುಂದೆ ಯಾವ ಸ್ಕೂಲೂ ತಗೊಳ್ಳಲ್ಲ. ನೀವೇ ಬರೆದುಕೊಟ್ಟರೆ ನೀಟಾಗಿರತ್ತೆ.’ ಒಕ್ಕಣೆಯನ್ನೂ ಅವರೇ ಹೇಳಿದರು: ‘ಮಗಳ ಆರೋಗ್ಯದ ಕಾರಣದಿಂದ, ಸ್ವಇಚ್ಛೆಯಿಂದ ಟಿ.ಸಿ. ಕೇಳಿಕೊಳ್ಳುತ್ತಿದ್ದೇನೆ.’ ನಾನು ಅಳುತ್ತಾ ಬರೆದೆ. ‘ಇಚ್ಚೆ’ ಅಂತ ಬರೆದಿದ್ದೆ. ಪ್ರಿನ್ಸಿಪಾಲ್ ಬಗ್ಗಿ ನೋಡಿ, ‘ಛ ಒತ್ತು ಬರಬೇಕು, ಅದು ಮಹಾಪ್ರಾಣ’ ಅಂತ ತಿದ್ದಿಸಿದರು. ಹೊರಗೆ ಹಾಕುವಾಗಲೂ ಕಾಗುಣಿತ ಬಿಡಲಿಲ್ಲ ನೋಡಿ.

ಆಮೇಲೆ ಎರಡು ಖಾಸಗಿ ಶಾಲೆಯವರು ಮಗುವನ್ನು ನೋಡಿ ‘ಸೀಟಿಲ್ಲ’ ಅಂದರು. ಸಿಟ್ಟು ಬಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ಶಾಲೆಗೆ ಫೋನ್ ಮಾಡಿದರು. ಹತ್ತೇ ನಿಮಿಷದಲ್ಲಿ ನನ್ನ ಪತ್ರ ಅವರ ಮೊಬೈಲಿಗೆ ಬಂತು. ‘ಇದು ನಿಮ್ಮದೇ ಸಹಿ ಅಲ್ವಾ ಅಮ್ಮಾ?’ ಏನು ಹೇಳೋದು? ಶಾಲೆಯವರು ಆಡಿದ ನೂರು ಮಾತಿಗೆ ಸಾಕ್ಷಿ ಇಲ್ಲ. ನಾನು ಬರೆದ ನಾಲ್ಕು ಸಾಲಿಗೆ ಸಹಿ, ತಾರೀಖು ಎರಡೂ ಇದೆ.

ದಾರಿ ತೋರಿಸಿದ್ದು ನಮ್ಮ ಬಿಆರ್‌ಸಿಯಲ್ಲಿರುವ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಟೀಚರ್. ವಿಶೇಷ ಅಗತ್ಯದ ಮಕ್ಕಳಿಗೆ ಅಂತಲೇ ಇರುವ ಇವರ ಬಗ್ಗೆ ನನಗೆ ಅಲ್ಲಿವರೆಗೆ ಗೊತ್ತೇ ಇರಲಿಲ್ಲ. ಅವರು ಹೇಳಿದ್ದು ಸರಳ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಸೇರಿಸಿಕೊಂಡ ಮಗುವನ್ನು ಎಂಟನೇ ಕ್ಲಾಸ್ ಮುಗಿಯುವವರೆಗೆ ಹೊರಹಾಕುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ನೋಡಬೇಕಾದ್ದು 16ನೇ ಸೆಕ್ಷನ್ನೇ. ಮಾನ್ಯತೆ ಪಡೆದ ಶಾಲೆಗಳು, ಖಾಸಗಿಯಾದರೂ, ಭೇದ ಮಾಡದೆ ಮಗುವನ್ನು ಸೇರಿಸಿಕೊಳ್ಳುವಂತೆ, ಅದರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವಂತೆ ಸರ್ಕಾರ ನೋಡಿಕೊಳ್ಳಬೇಕು. ಎರಡರಲ್ಲೂ 16, ನೆನಪಿಡೋದು ಸುಲಭ. ಬೆಲ್ ಇಲ್ಲದ ಕಡೆ ಕೂರಿಸಿ ಅಂತ ನಾನು ಕೇಳಿದ್ದೂ ಅಷ್ಟೇ ಅಲ್ವಾ?

ಹಾಗಾದರೆ ಏನು ಮಾಡಬೇಕಿತ್ತು? ಗೇಟಿನ ಹತ್ತಿರ ಏನಾದರೂ ಹೇಳಿದರೆ ಅವತ್ತೇ ಸಂಜೆ ವಾಟ್ಸಾಪ್ ಮಾಡಿ: ‘ಮೇಡಂ, ನಾಳೆಯಿಂದ ಮಧ್ಯಾಹ್ನದ ಮೇಲೆ ಮಗುವನ್ನು ಕೂರಿಸಿಕೊಳ್ಳಲ್ಲ ಅಂತ ಇವತ್ತು ಹೇಳಿದಿರಿ. ಕಾರಣ ಬರೆದು ತಿಳಿಸಿ.’ ಉತ್ತರ ಬರದಿದ್ದರೂ ಪರವಾಗಿಲ್ಲ, ಆ ಮೆಸೇಜೇ ದಾಖಲೆ. ಅರ್ಜಿ ಕೊಟ್ಟರೆ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ಟಿ.ಸಿ. ತೆಗೆದುಕೊಳ್ಳಲೇಬೇಕಾಗಿ ಬಂದರೆ ‘ಶಾಲೆಯವರು ಮುಂದುವರಿಸುವುದಿಲ್ಲ ಎಂದು ತಿಳಿಸಿದ್ದರಿಂದ’ ಅಂತ ನಿಜ ಬರೆಯಿರಿ. ಆಗ ಅವರಿಗೇ ಆ ಪತ್ರ ಬೇಡವಾಗುತ್ತದೆ.

ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಮಾಡಿದ 2017ರ ನಿಯಮಗಳ ಪ್ರಕಾರ ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಅಂಗವಿಕಲ ಮಕ್ಕಳ ದಾಖಲಾತಿಗೆ ಒಬ್ಬರು ನೋಡಲ್ ಅಧಿಕಾರಿ ಇರಬೇಕು. ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಆಫೀಸಿಗೆ ಹೋಗಿ ‘ನೋಡಲ್ ಅಧಿಕಾರಿ ಯಾರು’ ಅಂತಲೇ ಕೇಳಿ. ಸುಮ್ನೆ ‘ದೂರು ಕೊಡಬೇಕು’ ಅಂದರೆ ಟೇಬಲ್‌ನಿಂದ ಟೇಬಲ್‌ಗೆ ಓಡಿಸುತ್ತಾರೆ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ, ಅಂಗವಿಕಲರ ರಾಜ್ಯ ಆಯುಕ್ತರೂ ಇದ್ದಾರೆ.

ಇನ್ನೊಂದು. ‘ಇಂಥ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಇದೆ, ಅದಕ್ಕೆ ಹೆಸರು ಬರೆಸಿ’ ಅಂತ ಒಬ್ಬರು ನನಗೆ ತುಂಬಾ ಅಕ್ಕರೆಯಿಂದ ಹೇಳಿದರು. ಅದು ತೀವ್ರ ಮತ್ತು ಬಹುವಿಧ ಅಂಗವೈಕಲ್ಯ ಇರುವ ಮಕ್ಕಳು ಬೇಕೆಂದರೆ ಆರಿಸಿಕೊಳ್ಳಲು ಕೊಟ್ಟಿರುವ ಹಕ್ಕು. ಶಾಲೆಗೆ ಓಡೋಡಿ ಹೋಗುವ ಮಗುವನ್ನು ಮನೆಯಲ್ಲಿ ಕೂರಿಸೋದಕ್ಕಲ್ಲ.

ನಮ್ಮ ದೂರು ಇನ್ನೂ ನಡೆಯುತ್ತಿದೆ, ಅದಕ್ಕೇ ಶಾಲೆಯ ಹೆಸರು ಬರೆದಿಲ್ಲ. ಅವರು ಕೊಟ್ಟ ಉತ್ತರ ಒಂದೇ ಸಾಲು: ‘ಪೋಷಕರು ಸ್ವಇಚ್ಛೆಯಿಂದ ಬಿಡಿಸಿಕೊಂಡು ಹೋಗಿದ್ದಾರೆ.’ ಮಗಳು ಈಗ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸ್. ಅಲ್ಲಿ ಬೆಲ್ ಅಂದರೆ ನೇತುಹಾಕಿದ ಕಬ್ಬಿಣದ ತುಂಡು. ಹೊಡೆಯುವ ಮೊದಲು ಬಿಸಿಯೂಟದ ಅಕ್ಕ ಕಿಟಕಿ ಹತ್ತಿರ ಬಂದು ಎರಡೂ ಕೈ ತಮ್ಮ ಕಿವಿ ಮೇಲೆ ಇಟ್ಟು ತೋರಿಸುತ್ತಾರೆ. ಇವಳೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಸದ್ದು ನಿಂತ ಮೇಲೆ ಕೈ ತೆಗೆದು ಬರೆಯೋದು ಮುಂದುವರಿಸುತ್ತಾಳೆ. ಶ್ಯಾಡೋ ಟೀಚರ್ ಯಾರೂ ಇಲ್ಲ.

ಹೋದ ತಿಂಗಳು ಹೆಡ್‌ಮೇಡಂ ಕರೆದು ಒಂದು ಹಾಳೆ, ಪೆನ್ನು ಕೊಟ್ಟಾಗ ನನ್ನ ಕೈ ತಣ್ಣಗಾಯಿತು. ‘ಸಹಿ ಮಾಡಿ ಅಮ್ಮಾ, ನಾಮದ ಚಿಲುಮೆಗೆ ಪ್ರವಾಸ’ ಅಂದರು. ಮೂರು ಸಲ ಓದಿದೆ. ಮೊಬೈಲಲ್ಲಿ ಫೋಟೋ ತೆಗೆದುಕೊಂಡೆ. ಆಮೇಲೆ ಸಹಿ ಹಾಕಿದೆ.