ಹೌಲ್‌ಗೆ ಸಿಕ್ಕ ಕ್ಷಮೆ ಗೆಡ್‌ಗೆ ಏಕೆ ಸಿಗಲಿಲ್ಲ? ಜಿಬ್ಲಿಯ ಎರಡು ಚಿತ್ರಗಳು, ಎರಡು ಕಾದಂಬರಿಲೋಕಗಳು

ಮೆಚ್ಚಿನ ಕಾದಂಬರಿ ಅನಿಮೇಷನ್ ಚಿತ್ರವಾದಾಗ ಅಭಿಮಾನಿಗಳು ಸಿಡಿದೇಳುವುದು ಕಥೆ ಬದಲಾಯಿಸಿದ್ದಕ್ಕೆ ಎಂಬುದು ವಾಡಿಕೆಯ ಮಾತು. ಅದು ನಿಜವಾಗಿದ್ದರೆ ಹಯಾವೊ ಮಿಯಾಜಾಕಿಯ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಚಿತ್ರಕ್ಕೆ ಛೀಮಾರಿ ಬೀಳಬೇಕಿತ್ತು. ಡಯಾನಾ ವಿನ್ ಜೋನ್ಸ್ 1986ರಲ್ಲಿ ಬರೆದ ಕಾದಂಬರಿಯ ದ್ವಿತೀಯಾರ್ಧವನ್ನು ಅದು ಬಹುಮಟ್ಟಿಗೆ ಕೈಬಿಟ್ಟಿದೆ. ಆದರೂ 2004ರಲ್ಲಿ ಬಂದ ಆ ಚಿತ್ರವನ್ನು ಜನ ಹೊತ್ತು ಮೆರೆಸಿದರು. ಆಸ್ಕರ್ ನಾಮನಿರ್ದೇಶನವೂ ದಕ್ಕಿತು. ಎರಡೇ ವರ್ಷಕ್ಕೆ, 2006ರಲ್ಲಿ, ಜಪಾನಿನ ಅದೇ ಅನಿಮೇಷನ್ ಸಂಸ್ಥೆ ಸ್ಟುಡಿಯೊ ಜಿಬ್ಲಿಯಿಂದ ಹಯಾವೊ ಅವರ ಮಗ ಗೋರೋ ನಿರ್ದೇಶಿಸಿದ ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಬಂತು. ಗೆಡ್ ಎಂಬ ಮಾಂತ್ರಿಕನ ಕಥೆ ಹೇಳುವ ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಪುಸ್ತಕಗಳು ಅದಕ್ಕೆ ಆಧಾರ. ಅಲ್ಲೂ ಕಥೆ ಬದಲಾಗಿತ್ತು. ಅದನ್ನು ಮಾತ್ರ ಪುಸ್ತಕದ ಅಭಿಮಾನಿಗಳು ಇಂದಿಗೂ ಹತ್ತಿರ ಸೇರಿಸಿಲ್ಲ.

ಈ ತಾರತಮ್ಯ ನ್ಯಾಯವೇ ಎಂದು ತಿಳಿಯಲು ಪುಸ್ತಕಗಳನ್ನು ಮತ್ತೆ ಓದಿ, ಎರಡೂ ಚಿತ್ರಗಳನ್ನು ಜಪಾನಿ ಧ್ವನಿಯಲ್ಲೂ ಇಂಗ್ಲಿಷ್ ಡಬ್ಬಿಂಗ್‌ನಲ್ಲೂ ನೋಡಿದೆ. ಜೊತೆಗೆ ಅಕ್ಕನ ಮಗಳನ್ನು ಕೂರಿಸಿಕೊಂಡೆ. ಹೌಲ್ ಚಿತ್ರ ಅವಳಿಗೆ ಬಾಯಿಪಾಠ, ಪುಸ್ತಕವನ್ನು ಮುಟ್ಟಿಯೂ ನೋಡಿರಲಿಲ್ಲ. ನಾನು ಹುಟ್ಟಾ ಪುಸ್ತಕದ ಪಕ್ಷದವಳು. ಜಗಳಕ್ಕೆ ಇಷ್ಟು ಸಾಕಾಗಿತ್ತು.

ಮೊದಲು ಹೌಲ್. ಟೋಪಿ ಅಂಗಡಿಯ ಹುಡುಗಿ ಸೋಫಿಯನ್ನು ಮಾಟಗಾತಿಯೊಬ್ಬಳು ಮುದುಕಿಯಾಗಿ ಮಾಡುತ್ತಾಳೆ. ಸೋಫಿ ಮನೆ ಬಿಟ್ಟು ಮಾಂತ್ರಿಕ ಹೌಲ್‌ನ ನಡೆದಾಡುವ ಕೋಟೆಯನ್ನು ಸೇರಿ, ಒಲೆಯೊಳಗಿನ ಬೆಂಕಿಭೂತ ಕ್ಯಾಲ್ಸಿಫರ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾಳೆ. ಪುಸ್ತಕವೂ ಚಿತ್ರವೂ ಕೈಹಿಡಿದು ನಡೆಯುವುದು ಬಹುತೇಕ ಇಲ್ಲಿಯವರೆಗೆ ಮಾತ್ರ. ಪುಸ್ತಕದಲ್ಲಿ ಕೋಟೆಯ ಬಾಗಿಲಿನ ಗುಬುಟನ್ನು ಕಪ್ಪು ಬಣ್ಣಕ್ಕೆ ತಿರುಗಿಸಿದರೆ ತೆರೆದುಕೊಳ್ಳುವುದು ನಮ್ಮದೇ ಲೋಕದ ವೇಲ್ಸ್. ಅಲ್ಲಿ ಹೌಲ್‌ನ ನಿಜವಾದ ಹೆಸರು ಹೊವೆಲ್ ಜೆಂಕಿನ್ಸ್. ಸದಾ ಬೈಯುವ ಅಕ್ಕ ಇದ್ದಾಳೆ, ಕಂಪ್ಯೂಟರ್ ಆಟ ಬಿಟ್ಟೇಳದ ಅವಳ ಮಗನಿದ್ದಾನೆ. ಮಹಾ ಮಾಂತ್ರಿಕನೆಂದು ನಾವು ನಂಬಿದವನು ಅಲ್ಲಿ ರಗ್ಬಿ ಅಂಗಿ ತೊಟ್ಟ, ಕೆಲಸಕ್ಕೆ ಬಾರದ ತಮ್ಮ! ಚಿತ್ರದಲ್ಲಿ ವೇಲ್ಸ್ ಇಲ್ಲ. ಅದೇ ಕಪ್ಪು ಬಣ್ಣ ಯುದ್ಧದ ಕತ್ತಲೆಗೆ ತೆರೆದುಕೊಳ್ಳುತ್ತದೆ. ಹದಿನೈದರ ಶಿಷ್ಯ ಮೈಕೆಲ್ ಚಿಕ್ಕ ಹುಡುಗ ಮಾರ್ಕಲ್ ಆಗಿದ್ದಾನೆ, ಸೋಫಿಯ ಇಬ್ಬರು ತಂಗಿಯರಲ್ಲಿ ಒಬ್ಬಳು ಮಾಯ, ಸುಲಿಮಾನ್ ಎಂಬ ಗಂಡಸು ಹೆಂಗಸಾಗಿ ಅರಮನೆಯಲ್ಲಿ ಕುಳಿತಿದ್ದಾನೆ.

ಇವೆಲ್ಲ ನನಗೆ ಹೊಟ್ಟೆಗೆ ಹಾಕಿಕೊಳ್ಳಬಹುದಾದ ಬದಲಾವಣೆಗಳು. ಒಂದನ್ನು ಮಾತ್ರ ಒಪ್ಪಲಾರೆ. ಪುಸ್ತಕದ ಸೋಫಿ ಸ್ವತಃ ಮಾಂತ್ರಿಕಳು, ಅದು ಅವಳಿಗೇ ಗೊತ್ತಿಲ್ಲ. ಅಂಗಡಿಯಲ್ಲಿ ಒಬ್ಬಳೇ ಕೂತು ಟೋಪಿಗಳೊಂದಿಗೆ ಮಾತಾಡುತ್ತಾಳೆ. ‘ನಿನ್ನದು ಚಿನ್ನದಂಥ ಮನಸ್ಸು, ದೊಡ್ಡ ಸ್ಥಾನದಲ್ಲಿರುವ ಯಾರೋ ಅದನ್ನು ಕಂಡು ನಿನಗೆ ಮನಸೋಲುತ್ತಾರೆ’ ಎಂದು ಒಂದು ಟೋಪಿಗೆ ಹೇಳುತ್ತಾಳೆ, ಅದನ್ನು ಕೊಂಡ ಹೆಂಗಸು ಕೌಂಟ್ ಪದವಿಯ ಸಿರಿವಂತನೊಬ್ಬನ ಜೊತೆ ಓಡಿಹೋಗುತ್ತಾಳೆ. ಕೋಲಿಗೆ ಬೈದರೆ ಕೋಲಿಗೆ ಜೀವ ಬರುತ್ತದೆ. ಮುದಿತನ ಅವಳನ್ನು ಬಿಟ್ಟು ಹೋಗದಿರಲು ಅರ್ಧ ಕಾರಣ ಅವಳೇ. ತಾನು ಎಷ್ಟೋ ಸಲ ಮಾಟ ತೆಗೆಯಲು ನೋಡಿದೆ, ನಿನಗೇ ಆ ವೇಷ ಹಿಡಿಸಿರಬೇಕು ಎಂದುಕೊಂಡೆ ಎಂದು ಹೌಲ್ ಮುಂದೆ ಹೇಳುತ್ತಾನೆ. ಚಿತ್ರದ ಸೋಫಿ ನಿದ್ದೆಯಲ್ಲಿ ಯುವತಿಯಾಗುತ್ತಾಳೆ, ಅಕ್ಕರೆಯಿಂದ ಮಾತಾಡುವಾಗ ಸುಕ್ಕು ಇಳಿಯುತ್ತದೆ. ಏಕೆಂದು ಯಾರೂ ಹೇಳುವುದಿಲ್ಲ. ನೋಡಲು ಬಹಳ ಚೆಂದ, ನಿಜ. ಆದರೆ ಆ ಹುಡುಗಿಯ ಕೈಯಲ್ಲಿದ್ದ ವಿದ್ಯೆಯನ್ನು ಕಿತ್ತುಕೊಂಡು ಪ್ರೀತಿಯ ಕೈಗೆ ಕೊಟ್ಟಂತಾಯಿತು.

ಇನ್ನು ಪುಸ್ತಕದಲ್ಲಿಲ್ಲದೆ ಚಿತ್ರದಲ್ಲಿ ಹುಟ್ಟಿದ ಒಂದು ದೃಶ್ಯವಿದೆ. ಅದನ್ನು ನೋಡಿದ ಮೇಲೆ ನನ್ನ ವಾದದ ಕಾವು ಇಳಿಯಿತು. ಅರಮನೆಯ ಮುಂದೆ ಬೆಟ್ಟದಂಥ ಮೆಟ್ಟಿಲ ಸಾಲು. ಶಾಪ ಕೊಟ್ಟ ಮಾಟಗಾತಿ ಪಲ್ಲಕ್ಕಿಯಲ್ಲಿ ಬಂದಿದ್ದಾಳೆ. ಹೊತ್ತವರು ಕರಗಿಹೋಗುತ್ತಾರೆ, ಅವಳೂ ನಡೆಯಬೇಕು. ಸೋಫಿ ಒಂದು ಮುದಿ ನಾಯಿಯನ್ನು ಹೌಲ್‌ನ ವೇಷವೆಂದು ನಂಬಿ, ಉಬ್ಬಸಪಡುತ್ತ ಎತ್ತಿಕೊಂಡು ಹತ್ತುತ್ತಾಳೆ. ಹಿಂದೆ ಮಾಟಗಾತಿಯ ಗಲ್ಲ ಜೋಲುತ್ತದೆ, ಬೆವರು ಇಳಿಯುತ್ತದೆ, ಒಂದೊಂದು ಮೆಟ್ಟಿಲಿಗೂ ಅವಳ ಗತ್ತು ಸ್ವಲ್ಪ ಸ್ವಲ್ಪ ಉದುರುತ್ತದೆ. ಮಾಟಮಂತ್ರ ಅಲ್ಲಿ ಕೆಲಸ ಮಾಡುವುದಿಲ್ಲ. ಇಬ್ಬರು ಮುದುಕಿಯರು ಮೆಟ್ಟಿಲು ಹತ್ತುವುದನ್ನು ಇಷ್ಟು ಹೊತ್ತು, ಇಷ್ಟು ಶ್ರದ್ಧೆಯಿಂದ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಜೋನ್ಸ್ ಆ ಸಾಲುಗಳನ್ನು ಬರೆದಿರಲಿಲ್ಲ, ಆದರೆ ಬರೆದಿದ್ದರೆ ಹೀಗೆಯೇ ಬರೆಯುತ್ತಿದ್ದರು. ವಯಸ್ಸಾದ ಮೇಲೆ ಹೆದರಿಕೆ ಬಿಡುವ ಹೆಂಗಸಿನ ತಮಾಷೆ ಅವರ ಕಾದಂಬರಿಯ ಜೀವ. ಮಿಯಾಜಾಕಿ ಕಥೆಯನ್ನು ಬಿಟ್ಟು ಅದನ್ನು ಹಿಡಿದರು.

ಯುದ್ಧದ ವಿಷಯ ಬೇರೆ. ಪುಸ್ತಕದಲ್ಲಿ ಅದು ದೂರದ ಸುದ್ದಿ. ಚಿತ್ರದಲ್ಲಿ ಬಾಂಬು ಬೀಳುತ್ತದೆ. ಇರಾಕ್ ಯುದ್ಧದ ಬಗ್ಗೆ ಮಿಯಾಜಾಕಿಗಿದ್ದ ಸಿಟ್ಟು ಇದರ ಹಿಂದಿದೆ. ತಾವಿಬ್ಬರೂ ಎರಡನೇ ಮಹಾಯುದ್ಧದ ಕಾಲದ ಮಕ್ಕಳು, ಆದರೆ ಅದಕ್ಕೆ ಸ್ಪಂದಿಸಿದ ದಾರಿ ಮಾತ್ರ ಬೇರೆ ಬೇರೆ ಎಂದು ಜೋನ್ಸ್ ಹೇಳಿದ್ದುಂಟು. ಚಿತ್ರ ಅವರಿಗೆ ಮೆಚ್ಚುಗೆಯಾಗಿತ್ತು. ನನಗೆ ಆ ಭಾಗ ಭಾರ ಎನಿಸಿತು: ಯಾರ ಯುದ್ಧ, ಯಾರ ಮೇಲೆ ಎಂಬುದು ಕೊನೆಗೂ ತಿಳಿಯುವುದಿಲ್ಲ, ಮುಗಿಯುವುದೂ ಅಷ್ಟೇ ಅವಸರದಲ್ಲಿ.

ಅಕ್ಕನ ಮಗಳ ಪ್ರತಿಕ್ರಿಯೆ ಚಿತ್ರದ ಕಡೆಯ ಅಭಿಮಾನಿಗಳಲ್ಲಿ ಸಾಮಾನ್ಯವಾಗಿ ಕಾಣುವಂಥದೇ. ಪುಸ್ತಕ ಮುಗಿಸಿ, “ಚಿಕ್ಕಮ್ಮ, ಇವನು ನನ್ನ ಹೌಲ್ ಅಲ್ಲ. ಇವನಿಗೆ ಸ್ನಾನದ ಮನೆ ಬಿಟ್ಟರೆ ಬೇರೆ ಲೋಕವೇ ಇಲ್ಲ,” ಎಂದಳು. ಕೂದಲಿನ ಬಣ್ಣ ಕೆಟ್ಟಿತೆಂದು ಹೌಲ್ ಹಸಿರು ಲೋಳೆ ಸುರಿಸಿ ರಂಪ ಮಾಡುವ ಪ್ರಸಂಗ ಎರಡರಲ್ಲೂ ಇದೆ. ಪುಸ್ತಕದಲ್ಲಿ ಅದು ಹೊಟ್ಟೆ ಹುಣ್ಣಾಗಿಸುವ ನಗೆ. ಚಿತ್ರದಲ್ಲಿ ಸೋಫಿ, ತಾನು ಎಂದೂ ಚೆಂದವಿರಲಿಲ್ಲ ಎಂದು ಹೊರಗೆ ಹೋಗಿ ಅಳುತ್ತಾಳೆ. ಅಕ್ಕನ ಮಗಳಿಗೆ ಆ ಅಳು ಬೇಕು, ನನಗೆ ಆ ನಗೆ. ಇದರಲ್ಲಿ ರಾಜಿ ಇಲ್ಲ.

ಅರ್ಥ್‌ಸೀಗೆ ಬಂದರೆ ಜಗಳವೇ ನಿಂತಿತು, ಏಕೆಂದರೆ ಇಬ್ಬರೂ ಒಂದೇ ಪಕ್ಷಕ್ಕೆ ಸೇರಿದೆವು. ಚಿತ್ರ ಶುರುವಾಗಿ ಕೆಲವೇ ನಿಮಿಷಕ್ಕೆ ರಾಜಕುಮಾರ ಅರೆನ್ ತನ್ನ ತಂದೆಯನ್ನು ಇರಿದು ಕೊಲ್ಲುತ್ತಾನೆ. “ಯಾಕೆ ಕೊಂದ?” ಎಂದು ಅವಳು ಕೇಳಿದಳು. ಚಿತ್ರ ಮುಗಿದ ಮೇಲೂ ಅದೇ ಪ್ರಶ್ನೆ. 1972ರ ಮೂರನೆಯ ಪುಸ್ತಕದಲ್ಲಿ ಆ ತಂದೆಯೇ ಮಗನನ್ನು ಸುದ್ದಿ ಕೊಟ್ಟು ಮಾಂತ್ರಿಕರ ದ್ವೀಪಕ್ಕೆ ಕಳಿಸುವುದು. 1968ರ ಮೊದಲ ಪುಸ್ತಕದಲ್ಲಿ ಗೆಡ್‌ನನ್ನು ಬೆನ್ನಟ್ಟುವ ನೆರಳನ್ನು ತಂದು ಚಿತ್ರದಲ್ಲಿ ಅರೆನ್‌ಗೆ ಅಂಟಿಸಿದ್ದಾರೆ. 1990ರ ನಾಲ್ಕನೆಯ ಪುಸ್ತಕದ ಥೆರು, ಬೆಂಕಿಯಲ್ಲಿ ಅರ್ಧ ಮುಖ ಸುಟ್ಟ ಪುಟ್ಟ ಮಗು, ಇಲ್ಲಿ ಕೆನ್ನೆಯ ಮೇಲೊಂದು ಗುರುತಿರುವ ಹರೆಯದ ಹುಡುಗಿ. ಹೆಸರುಗಳೆಲ್ಲ ಪುಸ್ತಕದವೇ, ಊರುಗಳೂ ಅವೇ. ಆದರೆ ಸಮುದ್ರ ಎಲ್ಲಿ? ಲೆ ಗ್ವಿನ್ ಕಟ್ಟಿದ್ದು ದ್ವೀಪಗಳ ಲೋಕ. ಗೆಡ್ ಮತ್ತು ಅರೆನ್ ಪುಟ್ಟ ದೋಣಿಯಲ್ಲಿ ಲೋಕದ ಪಶ್ಚಿಮದ ಕೊನೆಯ ದ್ವೀಪ ಸೆಲಿಡೋರ್‌ವರೆಗೆ ಹೋಗುತ್ತಾರೆ. ಚಿತ್ರದ ಆರಂಭದಲ್ಲಿ ಒಂದು ಹಡಗು ಕಂಡು, ಆಮೇಲೆ ಬಹುಪಾಲು ಕಥೆ ನೆಲದ ಮೇಲೆಯೇ ಮುಗಿಯುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಖಳನಾಯಕನದು. ಪುಸ್ತಕದಲ್ಲಿ ಕಾಬ್ ಎಂಬ ಮಾಂತ್ರಿಕ ಸಾವಿಗೆ ಹೆದರಿ ಬದುಕು ಮತ್ತು ಸಾವಿನ ನಡುವೆ ಬಾಗಿಲೊಂದನ್ನು ತೆರೆದುಬಿಡುತ್ತಾನೆ. ಕತ್ತಿಯಿಂದ ಹೊಡೆದರೂ ಅವನು ಸಾಯುವವನಲ್ಲ. ಗೆಡ್ ತನ್ನ ಶಕ್ತಿಯನ್ನೆಲ್ಲ ಸುರಿದು ಆ ಬಾಗಿಲನ್ನು ಮುಚ್ಚುತ್ತಾನೆ, ಮತ್ತೆಂದೂ ಮಾಂತ್ರಿಕನಾಗಿ ಉಳಿಯುವುದಿಲ್ಲ. ಚಿತ್ರದಲ್ಲಿ ಕಾಬ್‌ನನ್ನು ಕೋಟೆಯ ನೆತ್ತಿಯಲ್ಲಿ ಸುಟ್ಟುಹಾಕಿದರೆ ಎಲ್ಲ ಸರಿಹೋಗುತ್ತದೆ. ಒಳಗಿನ ಕೇಡನ್ನು ಹೊರಗಿನ ಒಬ್ಬ ದುಷ್ಟನ ತಲೆಗೆ ಕಟ್ಟಿ ಕೊಂದುಬಿಡುವುದು ಲೆ ಗ್ವಿನ್ ಜೀವನವಿಡೀ ಬರೆದದ್ದಕ್ಕೆ ವಿರುದ್ಧ. ಅವರೇ ಅದನ್ನು ಬರೆದು ತಿಳಿಸಿದರು.

ಬಣ್ಣದ ಮಾತೂ ಇದೆ. ಗೆಡ್‌ನದು ಕೆಂಪು ಛಾಯೆಯ ಕಂದು ಮೈಬಣ್ಣ, ಅವನ ಗೆಳೆಯ ಕಪ್ಪಗಿದ್ದಾನೆ. ಇಂಗ್ಲಿಷ್ ಮಾಂತ್ರಿಕ ಕಥೆಗಳನ್ನು ಓದುತ್ತ ಬೆಳೆದ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ನಮ್ಮ ಮನೆಯವರ ಬಣ್ಣದ ನಾಯಕ ಅಲ್ಲಿ ಸಿಕ್ಕಿದ್ದ. 2004ರಲ್ಲಿ ಅಮೆರಿಕದ ಕಿರುಧಾರಾವಾಹಿಯೊಂದು ಅವನನ್ನು ಬಿಳಿಯನನ್ನಾಗಿ ಮಾಡಿ ಲೇಖಕಿಯ ಕೋಪಕ್ಕೆ ಗುರಿಯಾಗಿತ್ತು. ಜಿಬ್ಲಿಯ ಚಿತ್ರ ಗೆಡ್‌ಗೆ ತುಸು ಬಿಸಿಲುಬಣ್ಣ ಬಳಿದು, ಉಳಿದವರನ್ನು ಬೆಳ್ಳಗೆ ಬಿಟ್ಟಿತು. ಅದೇ ಕಿರುಧಾರಾವಾಹಿಯ ಹಕ್ಕುಗಳ ತೊಡಕಿನಿಂದ ಜಿಬ್ಲಿಯ ಚಿತ್ರ ಅಮೆರಿಕದಲ್ಲಿ 2010ರವರೆಗೆ ತೆರೆ ಕಾಣಲಿಲ್ಲ.

ಅಭಿಮಾನಿಗಳ ಸಿಟ್ಟಿಗೆ ಇನ್ನೂ ಒಂದು ಹಳೆಯ ಕಾರಣವಿದೆ. ಹಯಾವೊ ಮಿಯಾಜಾಕಿ 1980ರ ದಶಕದ ಆರಂಭದಲ್ಲೇ ಅರ್ಥ್‌ಸೀ ಮಾಡಲು ಅನುಮತಿ ಕೇಳಿದ್ದರು. ಅವರ ಕೆಲಸವನ್ನು ನೋಡಿರದ ಲೆ ಗ್ವಿನ್ ಬೇಡವೆಂದರು. ವರ್ಷಗಳ ನಂತರ ‘ಮೈ ನೇಬರ್ ಟೊಟೊರೊ’ ನೋಡಿ ಮನಸ್ಸು ಬದಲಾಯಿಸಿದಾಗ ತಂದೆಯ ಬದಲು ಚಿತ್ರವನ್ನೇ ಮಾಡಿರದ ಮಗ ನಿರ್ದೇಶಕನಾಗಿದ್ದ. ಚಿತ್ರ ನೋಡಿದ ಲೇಖಕಿ ಗೋರೋಗೆ ಹೇಳಿದ್ದು ಹೆಚ್ಚುಕಡಿಮೆ ಇಷ್ಟು: ಇದು ನನ್ನ ಪುಸ್ತಕವಲ್ಲ, ನಿಮ್ಮ ಚಿತ್ರ, ಚಿತ್ರ ಚೆನ್ನಾಗಿದೆ. ಆ ಖಾಸಗಿ ಮಾತು ಬಹಿರಂಗವಾದಾಗ ಅವರು ತಮ್ಮ ಪೂರ್ತಿ ಅಭಿಪ್ರಾಯವನ್ನೂ ಪ್ರಕಟಿಸಿದರು. ನಮ್ಮಲ್ಲಿ ಪುಟ್ಟಣ್ಣನವರು ನಾಗರಹಾವನ್ನು ಕೇರೆಹಾವು ಮಾಡಿದರೆಂದು ತ.ರಾ.ಸು. ಹೇಳಿದರೆನ್ನುವ ಮಾತು ಇಂದಿಗೂ ಓಡಾಡುತ್ತದೆಯಲ್ಲ, ಆ ಜಾತಿಯ ನೋವು ಇದು. ವ್ಯತ್ಯಾಸವೆಂದರೆ ಅಲ್ಲಿ ಜನ ಲೇಖಕರನ್ನು ಬಿಟ್ಟು ಚಿತ್ರದ ಹಿಂದೆ ಹೋದರು, ಇಲ್ಲಿ ಓದುಗರು ಲೇಖಕಿಯ ಬೆನ್ನಿಗೆ ನಿಂತರು.

ಹಾಗೆಂದು ಗೋರೋ ಚಿತ್ರವನ್ನು ಕಸದ ಬುಟ್ಟಿಗೆ ಹಾಕುವವಳಲ್ಲ ನಾನು. ನಡುವೆ ಗೆಡ್‌ನ ಹಳೆಯ ಗೆಳತಿ ಟೆನಾರಳ ಹೊಲದ ಭಾಗವಿದೆ. ಗೆಡ್ ಮತ್ತು ಅರೆನ್ ಉಳುತ್ತಾರೆ, ನೀರು ಸೇದುತ್ತಾರೆ, ದನಕರು ನೋಡಿಕೊಳ್ಳುತ್ತಾರೆ. ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ತನ್ನ ಅರ್ಥ್‌ಸೀ ಕಂಡದ್ದು ಈ ದೃಶ್ಯಗಳಲ್ಲಿ ಎಂದು ಲೆ ಗ್ವಿನ್ ಒಪ್ಪಿಕೊಂಡಿದ್ದಾರೆ. ಆಮೇಲೆ ಥೆರು ಹುಲ್ಲುಗಾವಲಿನಲ್ಲಿ ವಾದ್ಯವಿಲ್ಲದೆ ಹಾಡುವ ಒಂಟಿ ಗಿಡುಗದ ಹಾಡು. ಕೇಳುತ್ತ ಅರೆನ್ ಅಳುತ್ತಾನೆ. ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದ ಹುಡುಗಿ ತಲೆಯೆತ್ತಿದ್ದು ಆಗಲೇ.

ಧ್ವನಿಯ ಬಗ್ಗೆ ಒಂದು ಮಾತು, ಆಯ್ಕೆ ಮಾಡುವವರಿಗೆ. ಹೌಲ್ ಚಿತ್ರವನ್ನು ಜಪಾನಿ ಧ್ವನಿಯಲ್ಲೇ ನೋಡಿ. ಅಲ್ಲಿ ಯುವತಿ ಸೋಫಿಗೂ ಮುದುಕಿ ಸೋಫಿಗೂ ಚಿಯೆಕೊ ಬೈಶೊ ಒಬ್ಬರದೇ ಕಂಠ. ಇಂಗ್ಲಿಷ್‌ನಲ್ಲಿ ಎಮಿಲಿ ಮಾರ್ಟಿಮರ್ ಮತ್ತು ಜೀನ್ ಸಿಮನ್ಸ್ ಹಂಚಿಕೊಂಡಿದ್ದಾರೆ. ಇಬ್ಬರೂ ಒಳ್ಳೆಯವರೇ, ಆದರೆ ಒಂದೇ ದೃಶ್ಯದಲ್ಲಿ ವಯಸ್ಸು ಏರಿಳಿಯುವಾಗ ಧ್ವನಿ ತುಂಡಾಗುತ್ತದೆ. ಬಿಲ್ಲಿ ಕ್ರಿಸ್ಟಲ್‌ನ ಕ್ಯಾಲ್ಸಿಫರ್‌ಗೆ ಬಾಯಿ ಜಾಸ್ತಿ. ಅರ್ಥ್‌ಸೀಯಲ್ಲೂ ಬುಂಟಾ ಸುಗಾವಾರಾ ಅವರ ಗೆಡ್ ಧ್ವನಿಗೆ ನನ್ನ ಮತ. ಇಂಗ್ಲಿಷ್‌ನಲ್ಲಿ ಕಾಬ್ ಪಾತ್ರಕ್ಕೆ ವಿಲೆಮ್ ಡಫೊ ಪಿಸುಗುಟ್ಟುವುದನ್ನು ಕೇಳಲಾದರೂ ಒಮ್ಮೆ ಬದಲಾಯಿಸಿ ನೋಡಬಹುದು.

ಓದುವ ಕ್ರಮವೂ ಎರಡಕ್ಕೂ ಒಂದೇ ಅಲ್ಲ. ಹೌಲ್ ಆದರೆ ಮೊದಲು ಚಿತ್ರ, ಆಮೇಲೆ ಪುಸ್ತಕ: ಚಿತ್ರ ಬಿಟ್ಟ ತಂಗಿಯರು, ವೇಲ್ಸ್, ಟೋಪಿಗಳ ಜೊತೆಗಿನ ಮಾತು ಎಲ್ಲ ಹೊಸದಾಗಿ ಸಿಗುತ್ತವೆ, ಏನೂ ಕೆಡುವುದಿಲ್ಲ. ಅರ್ಥ್‌ಸೀಯನ್ನು ಹಾಗೆ ಮಾಡಿದರೆ, ನಿಜನಾಮ ತಿಳಿದವನಿಗೆ ಆ ವಸ್ತುವಿನ ಮೇಲೆ ಹಿಡಿತ ಸಿಗುತ್ತದೆ ಎಂಬ ಮೂಲ ನಿಯಮವೇ ಅರ್ಥವಾಗದೆ ಕಾಬ್‌ನ ಅರ್ಧ ಆಟ ತಲೆಯ ಮೇಲೆ ಹಾದುಹೋಗುತ್ತದೆ. ಮೊದಲ ಮೂರು ಪುಸ್ತಕ ಓದಿ, ಹೊಲದ ದೃಶ್ಯಕ್ಕೂ ಆ ಹಾಡಿಗೂ ಬೇಕಾದರೆ ಚಿತ್ರ ನೋಡಿ. ನಮ್ಮ ಮನೆಯ ಹುಡುಗಿ ಈಗ ಎರಡನೆಯ ಪುಸ್ತಕದಲ್ಲಿದ್ದಾಳೆ, ಗೆಡ್ ಬರುವುದು ಇಷ್ಟು ತಡವೇಕೆಂದು ಗೊಣಗುತ್ತಿದ್ದಾಳೆ. ಹೌಲ್ ವಿಷಯದಲ್ಲಿ ಮಾತ್ರ ಇನ್ನೂ ಸೋತಿಲ್ಲ, ನಾನೂ ಸೋತಿಲ್ಲ.