ಹಾನಗಲ್ ಕಡೆಯ ಹೋರಿ ಬೆದರಿಸುವ ಸ್ಪರ್ಧೆ: ಐದಕ್ಕೆ ಮೂರು

ದೀಪಾವಳಿ ಮುಗಿದ ಮೇಲೆ ತವರಿನ ಹತ್ತಿರದ ಹಳ್ಳಿಯಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನೋಡಿ ಬಂದೆ. ಪ್ರವೇಶಕ್ಕೆ ದುಡ್ಡಿಲ್ಲ. ಹೆಂಗಸರಿಗೆ ಬೇರೆ ಗ್ಯಾಲರಿ ಇತ್ತು, ಆಂಬುಲೆನ್ಸೂ ನಿಂತಿತ್ತು. ಶೌಚಾಲಯ ಮಾತ್ರ ಇರಲಿಲ್ಲ.

ಹೋರಿಗಳ ಸಿಂಗಾರ ಕಣ್ತುಂಬ ನೋಡಬೇಕು. ಕೋಡಿಗೆ ಬಣ್ಣ, ಬಲೂನು, ಬೆನ್ನ ಮೇಲೆ ಜೂಲಾ, ಕೊರಳಲ್ಲಿ ಗೆಜ್ಜೆ, ಕೊಬ್ಬರಿ ಸರ. ಓಡುವ ಹೋರಿಯಿಂದ ಹುಡುಗರು ಆ ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ಓಡಿದರೆ ಹೋರಿಯದೇ ಗೆಲುವು. ವರ್ಷವಿಡೀ ಹುರುಳಿ, ಹಿಂಡಿ, ಹತ್ತಿಕಾಳು ತಿನ್ನಿಸಿ ಸಾಕಿದ ಮನೆಯವರು ಆಗ ಅಳುವುದೂ ಉಂಟು. ಆ ಪ್ರೀತಿ ಸುಳ್ಳಲ್ಲ.

ಆದರೆ ಒಂದು ಹೋರಿ ಅಖಾಡದ ಬಾಗಿಲಲ್ಲೇ ನಿಂತುಬಿಟ್ಟಿತು. ಮುಂದೆ ಬಾ ಅಂದರೆ ಹಿಂದೆ ಸರಿಯುತ್ತಿತ್ತು. ಇಬ್ಬರು ಸೇರಿ ಬಾಲ ತಿರುವಿದರು. ನನಗೆ ತಡೆಯಲಾಗಲಿಲ್ಲ, "ಬಿಡ್ರಿ ಅದನ್ನ" ಎಂದು ಕೂಗಿದೆ. ಪಕ್ಕದಲ್ಲಿದ್ದ ಹಿರಿಯರು, "ನಮ್ದು ಸ್ಪೇನ್ ಹಂಗಲ್ಲವಾ ಯವ್ವಾ, ಇಲ್ಲಿ ಹೋರಿ ಮನಿಗೆ ಹೋಗತೈತಿ" ಎಂದರು.

ಖರೆ. ಸ್ಪೇನಿನ ಗೂಳಿ ಕಾಳಗದಲ್ಲಿ ಕುದುರೆ ಮೇಲಿನವನು ಭರ್ಜಿಯಿಂದ ಇರಿಯುತ್ತಾನೆ, ಆಮೇಲೆ ಕೊಕ್ಕೆಮೊನೆಯ ಕಡ್ಡಿ ಚುಚ್ಚುತ್ತಾರೆ, ಕೊನೆಗೆ ಕತ್ತಿ. ಹೋರಿ ಸಾಯುವುದೇ ಆಟದ ಕೊನೆ. ಅದಕ್ಕಿಂತ ನಮ್ಮದು ಎಷ್ಟೋ ಮೇಲು, ಒಪ್ಪುತ್ತೇನೆ. ಆದರೆ ಬಾಲ ತಿರುವಿಸಿಕೊಂಡ ಹೋರಿಗೆ ಸ್ಪೇನಿನ ಲೆಕ್ಕ ಹೇಳಿ ಏನು ಪ್ರಯೋಜನ? 2023ರ ಮೇ 18ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಕಂಬಳಗಳಿಗೆ ದಾರಿ ಮಾಡಿಕೊಟ್ಟ ರಾಜ್ಯಗಳ ಕಾನೂನು ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅದು ಆಟಕ್ಕೆ ಸಿಕ್ಕ ಒಪ್ಪಿಗೆ, ಹಿಂಸೆಗೆ ಅಲ್ಲ. ಓಡಲು ಒಲ್ಲೆ ಎಂದ ಹೋರಿಯನ್ನು ವಾಪಸ್ ಕಳಿಸಬೇಕು. ಅಷ್ಟು ಮಾಡಲಾಗದವರು ಸ್ಪರ್ಧೆ ಇಡಬಾರದು.

ಜನರ ಸುರಕ್ಷತೆಯೂ ಅರ್ಧಂಬರ್ಧ. ಶುರುವಿನಲ್ಲಿ ಎರಡೂ ಬದಿ ಗಟ್ಟಿ ಬೇಲಿ, ಕೊನೆಯಲ್ಲಿ ಬರೀ ಹಗ್ಗ. ಬೆದರಿದ ಹೋರಿ ಜಾಸ್ತಿ ನುಗ್ಗುವುದೇ ಅಲ್ಲಿ. ಸುಮ್ನೆ ನೋಡುತ್ತ ನಿಂತವರೂ ನಮ್ಮ ಜಿಲ್ಲೆಯಲ್ಲಿ ತಿವಿತಕ್ಕೆ ಸಿಕ್ಕಿ ಸತ್ತಿದ್ದಾರೆ.

ಹೋಗುವುದಾದರೆ ಬೆಳಿಗ್ಗೆಯೇ ಹೋಗಿ ಗ್ಯಾಲರಿಯಲ್ಲಿ ಜಾಗ ಹಿಡಿಯಿರಿ. ಮಕ್ಕಳನ್ನು ಕೊನೆಯ ಹಗ್ಗದ ಹತ್ತಿರ ಬಿಡಬೇಡಿ. ಯಾರಾದರೂ ಬಾಲ ತಿರುವಿದರೆ ಮೈಕಿನವರ ಹತ್ತಿರ ಹೋಗಿ ಹೇಳಿ. ನಾನು ಹೇಳಿದ ಮೇಲೆ ಅವರು ಆ ಹೋರಿಯನ್ನು ಹಿಂದಕ್ಕೆ ಕಳಿಸಿದರು. ಮೂರನೇ ಅಂಕ ಅದಕ್ಕೇ.