ಬಣ್ಣ ಹೊಡೆದ ಫ್ರೇಮ್ ತಗೋಬೇಡಿ, ನನಗಾದದ್ದು ನಿಮಗೆ ಆಗಬಾರದು

ಮೊದಲೇ ಹೇಳಿಬಿಡ್ತೀನಿ. ಸೆಕೆಂಡ್ ಹ್ಯಾಂಡ್ ಮೌಂಟನ್ ಬೈಕ್ ಫ್ರೇಮ್ ನೋಡೋಕೆ ಹೋಗಿದ್ದೀರಾ, ಅದಕ್ಕೆ ಹೊಸದಾಗಿ ಬಣ್ಣ ಹೊಡೆದಿದ್ದಾರಾ, ಎದ್ದು ಬನ್ನಿ. ರೇಟು ಎಷ್ಟೇ ಇಳಿಸಲಿ, ಎಷ್ಟೇ ನಯವಾಗಿ ಮಾತಾಡಲಿ, ಎದ್ದು ಬನ್ನಿ. ನಾನು ಏಳಲಿಲ್ಲ. 52,500 ರೂಪಾಯಿ ಕೊಟ್ಟು, ಮೊದಲೇ ಬಿರುಕು ಬಿಟ್ಟು ಬೆಸುಗೆ ಹಾಕಿದ್ದ ಫ್ರೇಮನ್ನು ಮನೆಗೆ ತಂದೆ. ಅದರ ಮೇಲೆ ಕೂತು ಇಳಿಜಾರಿನಲ್ಲಿ ಇಳಿದೆ. ಹಲ್ಲು, ಕತ್ತು ಎರಡೂ ನೆಟ್ಟಗಿವೆ ಅನ್ನೋದು ನನ್ನ ಪುಣ್ಯ.

ನಾನು ಕೆಲಸಕ್ಕೆ ಬೆಂಗಳೂರಿನಲ್ಲಿರೋದು, ಊರು ಮೂಡಿಗೆರೆ ಹತ್ತಿರ. ಹನ್ನೊಂದು ವರ್ಷದಿಂದ 26 ಇಂಚಿನ ಚಕ್ರದ ಒಂದು ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್) ಇಟ್ಟುಕೊಂಡಿದ್ದೆ. ಊರಿಗೆ ಹೋದಾಗಲೆಲ್ಲ ಬೆಳಿಗ್ಗೆ ಆರಕ್ಕೇ ಎದ್ದು ತೋಟದ ಜೀಪ್ ದಾರಿ ಹಿಡಿದು ಗುಡ್ಡದ ನೆತ್ತಿಗೆ ಹೋಗೋದು, ಅಲ್ಲಿಂದ ಕೆಲಸದವರು ಓಡಾಡಿ ಸವೆಸಿದ ಕಾಲುದಾರಿಯಲ್ಲಿ ಹಳ್ಳದವರೆಗೆ ಇಳಿಯೋದು. ಸಿಲ್ವರ್ ಓಕ್‌ನ ಒಣ ಎಲೆ ಚಕ್ರದ ಕೆಳಗೆ ಚರಚರ ಅನ್ನುತ್ತೆ, ಹಲಸಿನ ಬೇರು ದಾರಿಗೆ ಅಡ್ಡ ಬಿದ್ದಿರುತ್ತೆ, ಅದರ ಮೇಲೆ ಮುಂದಿನ ಚಕ್ರ ಹಗುರ ಮಾಡಿ ಹತ್ತಿಸಿ ಸೊಂಟ ಹಿಂದಕ್ಕೆ ತಗೊಂಡ್ರೆ ಸೈಕಲ್ಲು ತಾನೇ ದಾರಿ ಹುಡುಕಿಕೊಳ್ಳುತ್ತೆ. ಹೂಮಳೆ ಆದ ಮೇಲೆ ಕಾಫಿ ಹೂ ಬಿಟ್ಟಾಗ ಅದೇ ದಾರಿಯಲ್ಲಿ ಒಮ್ಮೆ ಇಳಿದವರಿಗೆ ಇದನ್ನೆಲ್ಲ ವಿವರಿಸಬೇಕಿಲ್ಲ. ಆ ಅರ್ಧ ಗಂಟೆಗಾಗಿ ನಾನು ಇಡೀ ತಿಂಗಳು ಕಾಯ್ತೀನಿ. ಅದಕ್ಕೇ ಒಂದು ಒಳ್ಳೆ 29 ಇಂಚಿನ ಟ್ರೇಲ್ ಫ್ರೇಮ್ ಬೇಕು ಅಂತ ಆಸೆಪಟ್ಟಿದ್ದು.

ಆರು ತಿಂಗಳು ಓದಿದ್ದೆ. ಹೆಡ್ ಆಂಗಲ್ (ಫ್ರೇಮಿನ ಮುಂಭಾಗದ ಓರೆ) ಅಂದ್ರೇನು, ಹಳೇ ಕ್ರಾಸ್ ಕಂಟ್ರಿ ಫ್ರೇಮ್‌ಗಳಲ್ಲಿ ಅದು 70-71 ಡಿಗ್ರಿ ಇರ್ತಿತ್ತು, ಈಗಿನ ಟ್ರೇಲ್ ಫ್ರೇಮ್‌ಗಳಲ್ಲಿ 65-66ಕ್ಕೆ ಯಾಕೆ ಇಳಿಸಿದ್ದಾರೆ, ರೀಚ್ (ಫ್ರೇಮಿನ ಮುಂದಿನ ಚಾಚು) ಎಷ್ಟಿರಬೇಕು, ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು ಕೂರೋ ಜಾಗ) ಥ್ರೆಡ್ ಇರೋದು ಒಳ್ಳೇದೋ ಪ್ರೆಸ್‌ಫಿಟ್ಟೋ, ಎಲ್ಲಾ. ಗೆಳೆಯರಿಗೆ ನಾನೇ ಪಾಠ ಮಾಡ್ತಿದ್ದೆ. ಇಷ್ಟೆಲ್ಲ ತಿಳಿದುಕೊಂಡೂ ಮೋಸ ಹೋದೆನಲ್ಲ ಅನ್ನೋ ನಾಚಿಕೆಗೇ ಎರಡು ತಿಂಗಳು ಯಾರಿಗೂ ಹೇಳಿರಲಿಲ್ಲ. ಮನೆಯವಳಿಗೂ ಪೂರ್ತಿ ಲೆಕ್ಕ ಹೇಳಿರಲಿಲ್ಲ.

ಬೆಂಗಳೂರಿನದೇ ಒಂದು ಅಂಗಡಿ. ಹೆಸರು ಬರೆಯಲ್ಲ, ದೂರು ಕೊಡೋ ತಯಾರಿಯಲ್ಲಿದ್ದೀನಿ. ಜಾಹೀರಾತಿನಲ್ಲಿ ಹಾಕಿದ್ದು ಇಷ್ಟು: ವಿದೇಶಿ ಕಂಪನಿ ಅಲ್ಯೂಮಿನಿಯಂ ಫ್ರೇಮ್, ಎಂ ಸೈಜ್, ಮೂರೇ ತಿಂಗಳು ಓಡಿಸಿದ್ದು, ಬಿರುಕಿಲ್ಲ, ತಗ್ಗಿಲ್ಲ, ಮ್ಯಾಟ್ ಕಪ್ಪು ಕಸ್ಟಮ್ ಪೇಂಟ್, 34,000. ಫೋನ್ ಮಾಡಿದ ತಕ್ಷಣ, "ಸರ್, ಹೈದರಾಬಾದ್‌ನವರೊಬ್ಬರು ನಾಳೆ ಬರ್ತೀನಿ ಅಂದಿದ್ದಾರೆ, ನೀವು ಐದು ಸಾವಿರ ಅಡ್ವಾನ್ಸ್ ಹಾಕಿದ್ರೆ ನಿಮಗೇ ಇಡ್ತೀನಿ" ಅಂದ. ಹಾಕಿದೆ. ನೋಡದೇ ಹಾಕಿದೆ.

ಭಾನುವಾರ ಸಂಜೆ ಹೋದೆ. ಅಂಗಡಿಯಲ್ಲಿ ಒಂದೇ ಟ್ಯೂಬ್‌ಲೈಟ್. ಫ್ರೇಮನ್ನು ಬಬಲ್ ರ‍್ಯಾಪ್‌ನಲ್ಲಿ ಸುತ್ತಿಟ್ಟಿದ್ದ, ಅರ್ಧ ಬಿಚ್ಚಿ ತೋರಿಸಿದ. ಯಾಕೆ ಬಣ್ಣ ಹೊಡೆಸಿದ್ರು ಅಂತ ಕೇಳಿದೆ. ಈ ಪ್ರಶ್ನೆ ಕೇಳಿದ್ದೆ ನಾನು, ಕೇಳಿದ್ದೆ! "ಸರ್, ಮೂಲ ಬಣ್ಣ ಕಿತ್ತಳೆ. ಓನರ್‌ಗೆ ಇಷ್ಟ ಇರ್ಲಿಲ್ಲ. ಅವರೀಗ ಅಮೆರಿಕಾಗೆ ಹೋಗ್ತಿದ್ದಾರೆ, ಅದಕ್ಕೇ ಕೊಡ್ತಿರೋದು." ಮೂರೇ ತಿಂಗಳು ಓಡಿಸಿ ಮಾರೋ ಮನುಷ್ಯ ಸಾವಿರಾರು ರೂಪಾಯಿ ಸುರಿದು ಬಣ್ಣ ಯಾಕೆ ಹೊಡೆಸ್ತಾನೆ? ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಕೈಯಲ್ಲಿ ಎತ್ತಿ ನೋಡಿದೆ, ಹಗುರವಾಗಿತ್ತು, ಮನಸ್ಸು ಸೋತಿತು.

ಸ್ವಲ್ಪ ದೊಡ್ಡದು ಅನ್ನಿಸುತ್ತೆ ಅಂದೆ. "ಸ್ಟೆಮ್ ಚಿಕ್ಕದು ಹಾಕಿದ್ರೆ ಮುಗೀತು ಸರ್." ಸ್ಟೆಮ್ ಅಂದ್ರೆ ಹ್ಯಾಂಡಲನ್ನು ಹಿಡಿಯೋ ಕೊಂಡಿ. ನನ್ನ ಹತ್ರ ಇರೋ ಹಿಂದಿನ ಚಕ್ರದ ಹಬ್ (ಚಕ್ರದ ನಡುವಿನ ಗುಂಬ) 142 ಮಿ.ಮೀ. ಅಗಲದ್ದು ಅಂದೆ. "ಎಲ್ಲಾ ಫಿಟ್ ಆಗುತ್ತೆ ಸರ್, ಟೆನ್ಷನ್ ತಗೋಬೇಡಿ." 140 ಮಿ.ಮೀ. ಟ್ರಾವೆಲ್‌ನ (ಅಂದ್ರೆ ಅಷ್ಟು ಕುಗ್ಗಿ ಏಳೋ) ಫೋರ್ಕ್, ಮುಂದಿನ ಚಕ್ರ ಹಿಡಿಯೋ ಕವಲು, ಒಂದನ್ನೂ 16,000ಕ್ಕೆ ಕಟ್ಟಿದ. ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್), ಫಿಟ್ಟಿಂಗ್ ಅಂತ ಇನ್ನೂ 2,500. ಬಿಲ್ ಕೇಳಿದ್ರೆ ಚೀಟಿ ಮೇಲೆ "ಸೈಕಲ್ ಪಾರ್ಟ್ಸ್, ಸೆಕೆಂಡ್ಸ್, ನೋ ರಿಟರ್ನ್" ಅಂತ ಗೀಚಿ ಕೊಟ್ಟ. ಫ್ರೇಮ್ ಅನ್ನೋ ಪದವೇ ಅದರಲ್ಲಿಲ್ಲ.

ಮನೆಗೆ ಬಂದು ಟೇಪ್ ಹಿಡಿದೆ. ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಕೊಳವೆ) 19 ಇಂಚು. ಎಂ ಅಲ್ಲ, ಎಲ್. ನಾನಿರೋದು 165 ಸೆಂ.ಮೀ., ನನಗೆ 16ರ ಆಸುಪಾಸು ಸಾಕು. ಹಿಂದಿನ ಚಕ್ರ ಹಾಕೋಕೆ ಹೋದ್ರೆ ಅದು 148 ಮಿ.ಮೀ. ಹಬ್‌ಗೆ ಮಾಡಿದ, ಬೂಸ್ಟ್ ಅನ್ನೋ ಅಳತೆಯ ಫ್ರೇಮು, 142ರ ಚಕ್ರ ಗಲಗಲ ಅಲ್ಲಾಡ್ತಿದೆ. ಹೊಸ ಹಬ್ ತಂದು ಕಡ್ಡಿ ಬಿಗಿಸೋಕೆ ಮತ್ತೆ 7,200 ಹೋಯ್ತು. ಫೋನ್ ಮಾಡಿದ್ರೆ, "ಸರ್, ನೀವು 142 ಅಂದ್ರಿ, ನಾನು 148 ಅಂತ ಕೇಳಿಸ್ಕೊಂಡೆ." ಆವತ್ತೇ ವಾಪಸ್ ತಗೊಂಡು ಹೋಗಿ ಅವನ ಕೌಂಟರ್ ಮೇಲೆ ಇಡಬೇಕಿತ್ತು. ಇಡಲಿಲ್ಲ. ಇಷ್ಟು ದುಡ್ಡು ಹಾಕಿದ ಮೇಲೆ ಹೇಗೋ ಒಗ್ಗಿಸಿಕೊಳ್ಳೋಣ ಅಂದುಕೊಂಡೆ.

ಫೆಬ್ರವರಿಯಲ್ಲಿ ಊರಿಗೆ ತಗೊಂಡು ಹೋದೆ. ಎರಡು ದಿನ ಖುಷಿಯಿಂದ ಓಡಿಸಿದ್ದು ನಿಜ. ದೊಡ್ಡ ಚಕ್ರ ಬೇರುಗಳ ಮೇಲೆ ಹೋಗೋ ರೀತಿಯೇ ಬೇರೆ. ಆದ್ರೆ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಟಿಕ್ ಅಂತ ಒಂದು ಸದ್ದು. ಹೆಡ್‌ಸೆಟ್ ಸಡಿಲ ಇರಬೇಕು ಅಂತ ಬಿಗಿ ಮಾಡಿದೆ. ಹೋಗಲಿಲ್ಲ. ಬಾಟಮ್ ಬ್ರಾಕೆಟ್ ಬಿಚ್ಚಿ ಗ್ರೀಸ್ ಹಚ್ಚಿದೆ. ಹೋಗಲಿಲ್ಲ. ಮೂರನೇ ದಿನ ಹಳ್ಳದ ಕಡೆ ಇಳಿಯುವಾಗ ಹ್ಯಾಂಡಲ್ ಮೆತ್ತಗಾದ ಹಾಗೆ ಆಯ್ತು. ಮೆತ್ತಗೆ ಅಂದ್ರೆ, ನಾನು ತಿರುಗಿಸಿದ ಅರೆಕ್ಷಣ ಆದ ಮೇಲೆ ಸೈಕಲ್ ತಿರುಗುತ್ತೆ. ಹೊಟ್ಟೆಯೊಳಗೆ ತಣ್ಣಗಾಯ್ತು. ಇಳಿದು ತಳ್ಳಿಕೊಂಡು ಮನೆಗೆ ಬಂದೆ.

ಕಣದಲ್ಲಿ ರೋಬಸ್ಟಾ ಹರಡಿದ್ರು. ಕಣದ ಅಂಚಿನಲ್ಲಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎಲ್ಲಾ ಕಡೆ ಕೆಂಪು ಧೂಳು ಹೋಯ್ತು, ಹೆಡ್ ಟ್ಯೂಬಿಗೂ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) ಡೌನ್ ಟ್ಯೂಬಿಗೂ (ಅಲ್ಲಿಂದ ಪೆಡಲ್ ಕಡೆ ಇಳಿಯೋ ಕೊಳವೆ) ಬೆಸುಗೆ ಇರೋ ಜಾಗದ ಕೆಳಗೆ ಮಾತ್ರ ಹೋಗಲಿಲ್ಲ. ಅಲ್ಲಿ ತಲೆಗೂದಲಷ್ಟು ಸಣ್ಣ ಕೆಂಪು ಗೆರೆ. ಮತ್ತೆ ಒರೆಸಿದೆ. ಗೆರೆ ಹಾಗೇ ಇದೆ. ಉಗುರು ಇಟ್ಟು ಕೆರೆದೆ. ಕಪ್ಪು ಬಣ್ಣ ಬೆರಳುಗುರಷ್ಟು ಅಗಲಕ್ಕೆ ಸಿಪ್ಪೆಯ ಹಾಗೆ ಎದ್ದು ಬಂತು. ಅದರ ಕೆಳಗೆ ಅಲ್ಯೂಮಿನಿಯಂ ಇಲ್ಲ. ಬೂದು ಬಣ್ಣದ ಪುಟ್ಟಿ. ಕಾರಿನ ಬಾಡಿಗೆ ತೀಡ್ತಾರಲ್ಲ, ಅದೇ ಪುಟ್ಟಿ.

ಅಕ್ಕನ ಮಗ ಪಕ್ಕದಲ್ಲೇ ಕೂತು ನೋಡ್ತಿದ್ದ. ಏಳನೇ ಕ್ಲಾಸು. "ಮಾಮ, ಇದು ನೀವು ತಗೊಳ್ಳೋಕೆ ಮುಂಚೇನೇ ಮುರಿದಿತ್ತಾ?" ಅಂದ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹುಡುಗನಿಗೆ ಎರಡೇ ನಿಮಿಷದಲ್ಲಿ ಕಂಡದ್ದು ನನಗೆ ಆ ಟ್ಯೂಬ್‌ಲೈಟ್ ಕೆಳಗೆ ಅರ್ಧ ಗಂಟೆ ನಿಂತರೂ ಕಾಣಲಿಲ್ಲ. ಹಿಂದಿನ ದಿನ ಅವನನ್ನೂ ಇದೇ ಸೈಕಲ್ ಮೇಲೆ ಒಂದು ಸುತ್ತು ಬಿಟ್ಟಿದ್ದೆ ಅನ್ನೋದು ನೆನಪಾಗಿ ಕೈ ನಡುಗೋಕೆ ಶುರುವಾಯ್ತು.

ಪೇಟೆಯ ವೆಲ್ಡಿಂಗ್ ಅಂಗಡಿಗೆ ತಗೊಂಡು ಹೋದೆ. ವಯಸ್ಸಾದ ಮೇಸ್ತ್ರಿ, ಎಮರಿ ಪೇಪರ್ ತಗೊಂಡು ಉಜ್ಜಿದ್ರು. ಪುಟ್ಟಿಯ ಕೆಳಗೆ ಉಬ್ಬುತಗ್ಗಾದ ಬೆಸುಗೆ, ಅದರ ಪಕ್ಕದಲ್ಲೇ ಹೊಸ ಬಿರುಕು. "ನಮ್ಮಂಥೋರೇ ಯಾರೋ ಆರ್ಗಾನ್ ಬೆಸುಗೆ ಹೊಡೆದಿದ್ದಾರೆ ಸಾರ್. ಮೇಲೆ ಪುಟ್ಟಿ ತೀಡಿದ್ದಾರೆ. ನಾನೂ ಹೊಡೆದುಕೊಡಬಹುದು, ಆದ್ರೆ ನೀವು ಕೂರಬೇಡಿ." ಅವರು ದುಡ್ಡು ತಗೊಳ್ಳಲಿಲ್ಲ.

ಅವರು ಹೇಳಿದ್ದು ಯಾಕೆ ಸರಿ ಅಂದ್ರೆ, ಇಂಥ ಫ್ರೇಮ್‌ಗಳು ಬಹಳಷ್ಟು 6061 ಅನ್ನೋ ಮಿಶ್ರ ಅಲ್ಯೂಮಿನಿಯಂನವು. ಕಾರ್ಖಾನೆಯಲ್ಲಿ ಬೆಸುಗೆ ಆದ ಮೇಲೆ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿವರೆಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಹದ ಮಾಡ್ತಾರೆ. ಟಿ6 ಅನ್ನೋದು ಆ ಹದಕ್ಕೇ. ಬೀದಿಯಲ್ಲಿ ಆರ್ಗಾನ್ ಹೊಡೆದ್ರೆ ಬಿರುಕೇನೋ ಮುಚ್ಚುತ್ತೆ, ಸುತ್ತಲಿನ ಲೋಹದ ಹದ ಹೋಗಿ ಮೆತ್ತಗಾಗುತ್ತೆ. ಅದರ ಮೇಲೆ ಉದ್ದದ ಫೋರ್ಕ್ ಬೇರೆ. ಫೋರ್ಕ್ ಉದ್ದ ಆದಷ್ಟೂ ಹೆಡ್ ಟ್ಯೂಬಿನ ಬೆಸುಗೆಯನ್ನು ಮೀಟೋ ಬಲ ಹೆಚ್ಚು. ಆ ಫ್ರೇಮ್ ಮಾಡಿದ್ದು 140ಕ್ಕಲ್ಲ, 120 ಮಿ.ಮೀ. ಟ್ರಾವೆಲ್‌ನ ಫೋರ್ಕಿಗೆ ಅಂತ ಆಮೇಲೆ ಗೊತ್ತಾಯ್ತು. ಬಿರುಕು ಬಿಟ್ಟ ಜಾಗ ಗೊತ್ತಿದ್ದವನೇ ಅದೇ ಜಾಗಕ್ಕೆ ಭಾರ ಬೀಳೋ ಫೋರ್ಕ್ ನನಗೆ ಮಾರಿದ. ಇದನ್ನ ನನ್ನಿಂದ ಈಗಲೂ ಅರಗಿಸಿಕೊಳ್ಳೋಕೆ ಆಗ್ತಿಲ್ಲ.

ಇನ್ನು ಅವನ ಉತ್ತರಗಳು. ಫೋಟೋ ಕಳಿಸಿದೆ. ಮೊದಲ ದಿನ: "ಸರ್ ಡ್ರೈವಿಂಗ್‌ನಲ್ಲಿದ್ದೀನಿ, ಸಂಜೆ ಮಾಡ್ತೀನಿ." ಮಾಡಲಿಲ್ಲ. ಎರಡನೇ ದಿನ: "ಅದು ಪೇಂಟ್ ಕ್ರ್ಯಾಕ್ ಅಷ್ಟೇ ಸರ್, ಫ್ರೇಮ್‌ಗೆ ಏನೂ ಆಗಿಲ್ಲ." ಪುಟ್ಟಿ ಕೆರೆದ ಫೋಟೋ ಕಳಿಸಿದ ಮೇಲೆ: "ನೀವು ಜಂಪ್ ಹೊಡೆದಿರ್ತೀರಾ." ನಾನು ಜಂಪ್ ಹೊಡೆದ್ರೆ ಪುಟ್ಟಿ ಹೇಗೆ ಹುಟ್ಟುತ್ತೆ ಅಂತ ಕೇಳಿದೆ. "ಎಷ್ಟು ಕೆ.ಜಿ. ಇದ್ದೀರಾ ಬ್ರದರ್?" ಅಂದ. ಅಲ್ಲಿಂದ ಸರ್ ಹೋಗಿ ಬ್ರದರ್ ಆಯ್ತು. ಆಮೇಲೆ, "ನಾನೂ ಮೋಸ ಹೋಗಿದ್ದೀನಿ ಬ್ರದರ್, ಓನರ್ ನನಗೆ ಹೇಳಿರ್ಲಿಲ್ಲ." ಸರಿ, ಆ ಓನರ್ ನಂಬರ್ ಕೊಡಿ ಅಂದೆ. "ಅವರು ಅಮೆರಿಕಾದಲ್ಲಿದ್ದಾರೆ." ಅಮೆರಿಕಾದಲ್ಲಿ ಫೋನ್ ಇಲ್ವಾ? ಉತ್ತರ ಇಲ್ಲ. "ಫ್ರೇಮ್‌ಗೆ ಕಂಪನಿ ವಾರಂಟಿ ಇರುತ್ತೆ, ಅವರನ್ನೇ ಕೇಳಿ." ಕೇಳಿದೆ. ಕಂಪನಿಯವರು ಮರ್ಯಾದೆಯಿಂದಲೇ ಬರೆದ್ರು: ವಾರಂಟಿ ಮೊದಲು ಕೊಂಡವರಿಗೆ ಮಾತ್ರ, ಅಸಲಿ ಬಿಲ್ ಬೇಕು, ಬಣ್ಣ ಬದಲಾಯಿಸಿದ್ರೆ ಅದೂ ಇಲ್ಲ. ಮತ್ತೆ ಇವನಿಗೆ ಫೋನ್ ಮಾಡಿದ್ರೆ, "ನೋಡಿ ಗುರೂ, ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಇದೆಲ್ಲ ಇರುತ್ತೆ. ನೋಡ್ಕೊಂಡು ತಗೊಂಡಿದ್ದೀರಾ."

ನೋಡ್ಕೊಂಡು ತಗೊಂಡಿದ್ದೀರಾ. ಈ ಮಾತು ನನ್ನ ನಿದ್ದೆ ಕೆಡಿಸಿತು. ನೋಡೋಕೆ ಆಗಬಾರದು ಅಂತ ಪುಟ್ಟಿ ತೀಡಿ, ಬಣ್ಣ ಹೊಡೆದು, ಸಂಜೆ ಹೊತ್ತಲ್ಲಿ ಅರ್ಧ ಬಿಚ್ಚಿ ತೋರಿಸಿ, ನೋಡ್ಕೊಂಡು ತಗೊಂಡಿದ್ದೀರಾ ಅನ್ನೋದು.

ಒಂದು ವಾರ ಬಿಟ್ಟು ಅವನೇ ಫೋನ್ ಮಾಡಿದ. ದನಿ ಮೆತ್ತಗಿತ್ತು. "ಆಯ್ತು ಸರ್, ನಿಮಗೂ ಬೇಡ ನನಗೂ ಬೇಡ, ಹತ್ತು ಸಾವಿರ ಕೊಡ್ತೀನಿ, ಫ್ರೇಮ್ ವಾಪಸ್ ಕಳಿಸಿ." ಮುರಿದ ಫ್ರೇಮ್ ತಗೊಂಡು ಏನ್ ಮಾಡ್ತೀರಾ ಅಂತ ಕೇಳಿದೆ. ಸುಮ್ಮನಾದ. ಮತ್ತೆ ಕೇಳಿದೆ. "ಅದು ನನಗೆ ಬಿಡಿ ಸರ್" ಅಂದ. ಆವಾಗ ಅರ್ಥ ಆಯ್ತು, ಇನ್ನೊಂದು ಸಲ ಪುಟ್ಟಿ, ಇನ್ನೊಂದು ಬಣ್ಣ, ಇನ್ನೊಬ್ಬ. ನನಗಿಂತ ಮುಂಚೆ ಎಷ್ಟು ಜನರ ಕೈಗೆ ಹೋಗಿ ಬಂದಿದೆಯೋ. ಈ ಬರಹ ಬರೆಯೋಕೆ ಕೂತಿದ್ದು ಆ ಒಂದು ಮಾತಿಗೇ.

ತಗೊಳ್ಳಲೇಬೇಕು ಅಂದ್ರೆ ಹಗಲಲ್ಲಿ ಹೋಗಿ, ಫ್ರೇಮನ್ನು ಅಂಗಡಿಯಿಂದ ಹೊರಗೆ ಬಿಸಿಲಿಗೆ ತನ್ನಿ. ತಲೆಕೆಳಗೆ ಮಾಡಿ. ಹೆಡ್ ಟ್ಯೂಬಿನ ಹಿಂದೆ ಡೌನ್ ಟ್ಯೂಬಿನ ತಳಭಾಗ, ಸೀಟ್ ಟ್ಯೂಬಿನ ಕುತ್ತಿಗೆ, ಬಾಟಮ್ ಬ್ರಾಕೆಟ್ ಹಿಂದಿನ ಚೈನ್‌ಸ್ಟೇ (ಹಿಂದಿನ ಚಕ್ರದ ಕಡೆ ಹೋಗೋ ಕೊಳವೆ), ಬಿರುಕು ಬಿಡೋದು ಹೆಚ್ಚಾಗಿ ಇಲ್ಲೇ. ಬೆಸುಗೆ ಮೇಲೆ ಬೆರಳಾಡಿಸಿದ್ರೆ ಅಲೆ ಅಲೆ ಹಾಗೆ ಕೈಗೆ ಸಿಗಬೇಕು. ಕೆಲವು ಕಂಪನಿಗಳು ಉಜ್ಜಿ ನಯ ಮಾಡಿರ್ತಾರೆ, ಆದ್ರೆ ಎಲ್ಲಾ ಬೆಸುಗೆ ಅಲೆಅಲೆಯಾಗಿದ್ದು ಒಂದು ಮಾತ್ರ ನುಣ್ಣಗಿದ್ರೆ ಅಲ್ಲಿ ಏನೋ ಇದೆ. ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡ್ತೀನಿ ಅನ್ನಬೇಡಿ, ಅಲ್ಯೂಮಿನಿಯಂಗೆ ಅದು ಹೇಗೂ ಅಂಟಲ್ಲ. ಬಾಟಮ್ ಬ್ರಾಕೆಟ್ ಕೆಳಗೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುತ್ತೆ, ಉಜ್ಜಿ ಅಳಿಸಿದ್ರೆ ಕದ್ದ ಮಾಲೂ ಆಗಿರಬಹುದು. ಟೇಪ್ ಜೇಬಲ್ಲಿರಲಿ, ಅವನು ಹೇಳಿದ ಸೈಜ್ ನಂಬಬೇಡಿ, ಹಿಂದಿನ ಹಬ್ ಅಗಲ ನೀವೇ ಅಳೆಯಿರಿ. ಬಿಲ್‌ನಲ್ಲಿ ಫ್ರೇಮ್ ಹೆಸರು, ಸೀರಿಯಲ್ ನಂಬರ್, "ಬಿರುಕಿಲ್ಲ" ಅನ್ನೋ ಮಾತು ಬರೆಸಿ. ಬರೆಯಲ್ಲ ಅಂದ್ರೆ ಅಲ್ಲಿಗೇ ಉತ್ತರ ಸಿಕ್ತು. ಅಡ್ವಾನ್ಸ್ ಅಂತೂ ಹಾಕಲೇಬೇಡಿ, ಹೈದರಾಬಾದ್‌ನವರು ಬಂದು ತಗೊಂಡು ಹೋಗಲಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೀನಿ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತು, ಯುಪಿಐ ರಸೀದಿ ಎಲ್ಲಾ ಇಟ್ಟಿದ್ದೀನಿ. ಮೇಸ್ತ್ರಿ ಸಾಕ್ಷಿ ಹೇಳೋಕೆ ಒಪ್ಪಿದ್ದಾರೆ. ದುಡ್ಡು ಬರುತ್ತೋ ಇಲ್ವೋ ನೋಡೋಣ. ಹತ್ತು ಸಾವಿರ ತಗೊಂಡಿಲ್ಲ, ಫ್ರೇಮ್ ಕೊಟ್ಟಿಲ್ಲ. ಊರ ಮನೆಯ ಅಟ್ಟದಲ್ಲಿ ನೇತುಹಾಕಿದ್ದೀನಿ, ಬಿರುಕಿನ ಸುತ್ತ ಕೆಂಪು ಮಾರ್ಕರ್‌ನಲ್ಲಿ ಗುರುತು ಹಾಕಿದ್ದೀನಿ. ಕೇಸ್ ಮುಗಿದ ದಿನ ಅದೇ ಮೇಸ್ತ್ರಿ ಹತ್ರ ತಗೊಂಡು ಹೋಗಿ ಹೆಡ್ ಟ್ಯೂಬಿಗೆ ಹ್ಯಾಕ್ಸಾ ಹಾಕಿಸ್ತೀನಿ. ಅದು ಇನ್ನೊಬ್ಬರ ಕೈಗೆ ಹೋಗಲ್ಲ.